ಸಸೆನ್‌ಹೈಮ್‌ನ ಟೆರ್ ಲೇಡೆ: ಒಂದು ಹವ್ಯಾಸಿ ಫುಟ್‌ಬಾಲ್ ಸಂಘ ಮತ್ತು ಅದರ ಮಹಿಳಾ ತಂಡ

ನೆದರ್ಲೆಂಡ್ಸ್‌ನ ಪಶ್ಚಿಮ ಕರಾವಳಿಯ ಮರಳುದಿಬ್ಬಗಳ ಹಿಂದೆ, ಲೈಡನ್ ಮತ್ತು ಹಾರ್ಲೆಂ ನಗರಗಳ ನಡುವೆ ಚಾಚಿಕೊಂಡಿರುವ ಹೂಗೆಡ್ಡೆಗಳ ಸೀಮೆಯಲ್ಲಿ ಸಸೆನ್‌ಹೈಮ್ ಎಂಬ ಸಣ್ಣ ಊರಿದೆ. ಟ್ಯೂಲಿಪ್, ಹಯಸಿಂತ್, ಡ್ಯಾಫೊಡಿಲ್ ಗೆಡ್ಡೆಗಳಿಗೆ ಬೇಕಾದ ಹಗುರ ಮರಳುಮಣ್ಣು ಇಲ್ಲಿ ಸಹಜವಾಗಿಯೇ ಒದಗಿರುವುದರಿಂದ ತಲೆಮಾರುಗಳ ಕಾಲ ಊರಿನ ಬದುಕು ಈ ಬೆಳೆಯನ್ನೇ ನಂಬಿ ನಡೆದಿದೆ. ವಸಂತದಲ್ಲಿ ಜಗತ್ತಿನ ಎಲ್ಲೆಡೆಯಿಂದ ಜನ ಬಂದು ನೋಡುವ ಕ್ಯೂಕೆನ್‌ಹೋಫ್ ಉದ್ಯಾನ ಪಕ್ಕದ ಲಿಸ್ಸೆಯಲ್ಲಿದೆ. 2006ರಲ್ಲಿ ಸಸೆನ್‌ಹೈಮ್ ನೆರೆಯ ಫೋರ್‌ಹೌಟ್ ಮತ್ತು ವಾರ್ಮಂಡ್‌ಗಳೊಡನೆ ಸೇರಿ ಟೈಲಿಂಗನ್ ಎಂಬ ಪುರಸಭೆಯ ಭಾಗವಾಯಿತು. ಪುರಸಭೆಗೆ ಹೆಸರು ಕೊಟ್ಟ ಟೈಲಿಂಗನ್ ಕೋಟೆಯ ಅವಶೇಷಗಳು ಈಗಲೂ ಅಲ್ಲಿ ನಿಂತಿವೆ. ಹಾಲೆಂಡ್ ಪ್ರಾಂತ್ಯದ ಒಡೆತನವನ್ನು ಕಳೆದುಕೊಂಡ ಬವೇರಿಯದ ಯಾಕೋಬಾ 1436ರಲ್ಲಿ ಕೊನೆಯುಸಿರೆಳೆದದ್ದು ಅದೇ ಕೋಟೆಯಲ್ಲಿ. ಇಂಥ ಊರಿನಲ್ಲಿ, ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ ಸ್ಥಾಪನೆಗೊಂಡ ಟೆರ್ ಲೇಡೆ ಎಂಬ ಹವ್ಯಾಸಿ ಫುಟ್‌ಬಾಲ್ ಸಂಘ, ಆರು ದಶಕಗಳ ಬಳಿಕ ದೇಶದ ಮಹಿಳಾ ಫುಟ್‌ಬಾಲ್‌ನ ಚಾಂಪಿಯನ್ ಪಟ್ಟದಲ್ಲಿ ಕುಳಿತಿತ್ತು. ಒಂದು ಊರಿನ ಸಂಘಕ್ಕೆ ಇದು ಹೇಗೆ ಸಾಧ್ಯವಾಯಿತು ಎಂಬುದನ್ನು ತಿಳಿಯಬೇಕಾದರೆ ಆಟಗಾರ್ತಿಯರ ಪ್ರತಿಭೆಯ ಜೊತೆಗೆ ಡಚ್ ಕ್ರೀಡಾಸಂಘವೆಂಬ ಸಂಸ್ಥೆಯ ಸ್ವರೂಪವನ್ನೂ ಅರಿಯಬೇಕಾಗುತ್ತದೆ, ಏಕೆಂದರೆ ಆ ದೇಶದಲ್ಲಿ ಮಹಿಳೆಯರ ಆಟವನ್ನು ಅದರ ಅತ್ಯಂತ ಕಷ್ಟದ ವರ್ಷಗಳಲ್ಲಿ ಉಳಿಸಿಕೊಂಡು ಬಂದದ್ದು ಇಂಥ ಸಂಘಗಳ ಸದಸ್ಯತ್ವದ ಪುಸ್ತಕವೇ.

ಡಚ್ ಹವ್ಯಾಸಿ ಸಂಘಕ್ಕೆ ಮಾಲೀಕನಿಲ್ಲ. ಕಾನೂನಿನ ಕಣ್ಣಿನಲ್ಲಿ ಅದು ಸದಸ್ಯರೆಲ್ಲರೂ ಸೇರಿ ಕಟ್ಟಿಕೊಂಡ ಒಂದು ಸಂಸ್ಥೆ. ನಮ್ಮ ಹಳ್ಳಿಗಳ ಸಹಕಾರ ಸಂಘದಂತೆ ಅಲ್ಲಿಯೂ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಸೇರುತ್ತದೆ, ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿಯರನ್ನು ಆಯ್ಕೆ ಮಾಡುತ್ತದೆ, ಲೆಕ್ಕಪತ್ರಗಳಿಗೆ ಒಪ್ಪಿಗೆ ಕೊಡುತ್ತದೆ. ಮೈದಾನವನ್ನು ಸಾಮಾನ್ಯವಾಗಿ ಪುರಸಭೆ ಒದಗಿಸುತ್ತದೆ, ಸಂಘ ಅದಕ್ಕೆ ಬಾಡಿಗೆ ಕೊಡುತ್ತದೆ. ಆದಾಯದ ಮೂಲಗಳು ಮೂರು: ಸದಸ್ಯರ ವಾರ್ಷಿಕ ಚಂದಾ, ಊರಿನ ಅಂಗಡಿ ಮತ್ತು ಉದ್ಯಮಗಳು ಅಂಗಿಯ ಮೇಲೆ ಮತ್ತು ಮೈದಾನದ ಬೇಲಿಯ ಮೇಲೆ ಹಾಕಿಸುವ ಜಾಹೀರಾತು, ಮತ್ತು ಸಂಘದ ಕ್ಯಾಂಟೀನು. ಈ ಕ್ಯಾಂಟೀನನ್ನು ಕೇವಲ ತಿಂಡಿಯ ಅಂಗಡಿಯೆಂದು ತಿಳಿಯುವುದು ಸರಿಯಾಗದು. ಪಂದ್ಯ ಮುಗಿದ ಮೇಲೆ ಎರಡೂ ತಂಡಗಳು ಒಂದೇ ಸೂರಿನಡಿ ಕೂಡುವ ಆ ಹೊತ್ತನ್ನು ಡಚ್ಚರು ಆಟದ ಮೂರನೆಯ ಅರ್ಧವೆಂದು ಕರೆಯುತ್ತಾರೆ. ಕ್ಯಾಂಟೀನಿನ ಕಟ್ಟೆಯ ಹಿಂದೆ ನಿಂತು ಕಾಫಿ, ಬಿಯರ್ ಹಂಚುವವರೂ ಪಾಳಿಯ ಪ್ರಕಾರ ಬಂದ ಸದಸ್ಯರೇ ಆಗಿರುತ್ತಾರೆ. ಮಕ್ಕಳ ತಂಡಗಳಿಗೆ ತರಬೇತಿ ಕೊಡುವುದು, ಹೊರ ಊರಿನ ಪಂದ್ಯಕ್ಕೆ ಕಾರಿನಲ್ಲಿ ಕರೆದೊಯ್ಯುವುದು, ತಂಡದ ಅಂಗಿಗಳ ಚೀಲವನ್ನು ಸರದಿಯಂತೆ ಮನೆಗೆ ಕೊಂಡು ಹೋಗಿ ಒಗೆದು ತರುವುದು, ಗೆರೆಯ ಬದಿ ಬಾವುಟ ಹಿಡಿಯುವುದು, ಇವೆಲ್ಲವೂ ಸಂಬಳವಿಲ್ಲದ ಸೇವೆ. ರಾಯಲ್ ಡಚ್ ಫುಟ್‌ಬಾಲ್ ಸಂಸ್ಥೆ, ಅಂದರೆ ಎಲ್ಲರೂ ಕೆಎನ್‌ವಿಬಿ ಎಂದು ಕರೆಯುವ ರಾಷ್ಟ್ರೀಯ ಒಕ್ಕೂಟ, 1889ರಲ್ಲಿ ಹುಟ್ಟಿದ್ದು. ಅದರ ಅಡಿಯಲ್ಲಿ ನೋಂದಾಯಿಸಿಕೊಂಡಿರುವ ಸುಮಾರು ಹನ್ನೆರಡು ಲಕ್ಷ ಸದಸ್ಯರಲ್ಲಿ ಬಹುಪಾಲು ಜನ ಇಂಥ ಹವ್ಯಾಸಿ ಸಂಘಗಳಿಗೆ ಸೇರಿದವರು.

ಹೂಗೆಡ್ಡೆಗಳ ಸೀಮೆಯ ಫುಟ್‌ಬಾಲ್‌ಗೆ ಇನ್ನೊಂದು ವಿಶೇಷವಿದೆ, ಅದು ವಾರದ ದಿನಕ್ಕೆ ಸಂಬಂಧಿಸಿದ್ದು. ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಡಚ್ ಸಮಾಜ ಕ್ಯಾಥೊಲಿಕ್, ಪ್ರಾಟೆಸ್ಟಂಟ್, ಸಮಾಜವಾದಿ ಎಂಬ ಪ್ರತ್ಯೇಕ ಕಂಬಗಳ ಮೇಲೆ ನಿಂತಿತ್ತು. ಶಾಲೆ, ಪತ್ರಿಕೆ, ಕಾರ್ಮಿಕ ಸಂಘಗಳಂತೆ ಫುಟ್‌ಬಾಲ್ ಸಂಘಗಳೂ ಒಕ್ಕೂಟಗಳೂ ಧರ್ಮಕ್ಕೆ ತಕ್ಕಂತೆ ಬೇರೆಬೇರೆಯಾಗಿದ್ದವು. 1940ರಲ್ಲಿ, ಜರ್ಮನ್ ಆಕ್ರಮಣದ ಕಾಲದಲ್ಲಿ, ಆ ಒಕ್ಕೂಟಗಳು ಒಂದಾದರೂ ಆಡುವ ದಿನದ ಭೇದ ಮಾತ್ರ ಉಳಿಯಿತು. ಭಾನುವಾರವನ್ನು ದೇವರ ದಿನವೆಂದು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಪ್ರಾಟೆಸ್ಟಂಟ್ ಊರುಗಳ ಸಂಘಗಳು ಶನಿವಾರವೇ ಆಡಿದವು, ಉಳಿದವು ಭಾನುವಾರ ಆಡಿದವು. ಟೆರ್ ಲೇಡೆ ಶನಿವಾರದ ಸಂಘ. ಕಾತ್‌ವೈಕ್, ರೈನ್ಸ್‌ಬರ್ಖ್, ಲಿಸ್ಸೆ, ನೋರ್ಡ್‌ವೈಕ್ ಮುಂತಾದ ನೆರೆಯ ಊರುಗಳ ತಂಡಗಳ ನಡುವಣ ಶನಿವಾರದ ಪಂದ್ಯಗಳಿಗೆ ಸಾವಿರಾರು ಪ್ರೇಕ್ಷಕರು ಸೇರುವುದುಂಟು. ವೃತ್ತಿಪರ ಲೀಗಿನ ಹೊರಗೆ ದೇಶದಲ್ಲಿ ಫುಟ್‌ಬಾಲ್ ಅತಿ ಗಾಢವಾಗಿ ಬೇರೂರಿರುವ ಸೀಮೆಗಳಲ್ಲಿ ಇದು ಒಂದು. ಟೆರ್ ಲೇಡೆಯ ಆಟದ ಬಯಲಾದ ಡೆ ರೋಡೆಮೋಲನ್ ಕ್ರೀಡಾಂಗಣದಲ್ಲಿ ಶನಿವಾರದ ಬೆಳಗು ಚಿಕ್ಕ ಮಕ್ಕಳದು, ಮಧ್ಯಾಹ್ನ ದೊಡ್ಡವರ ಮೊದಲ ತಂಡದ್ದು ಎಂಬ ಕ್ರಮ ಈ ಸೀಮೆಯ ಇತರ ಸಂಘಗಳಂತೆಯೇ ಇದೆ. ಈ ಕ್ರಮದಲ್ಲಿ ಮಹಿಳೆಯರಿಗೆ ಎಷ್ಟು ಹೊತ್ತು, ಯಾವ ಮೈದಾನ, ಯಾವ ಬಟ್ಟೆ ಬದಲಿಸುವ ಕೋಣೆ ಎಂಬ ಪ್ರಶ್ನೆ ಡಚ್ ಸಂಘಗಳ ಆಡಳಿತ ಸಭೆಗಳಲ್ಲಿ ದಶಕಗಳ ಕಾಲ ಕಾಡಿದ ಪ್ರಶ್ನೆ; ಮಹಿಳಾ ಫುಟ್‌ಬಾಲ್‌ನ ಇತಿಹಾಸದ ಬಹುಪಾಲು ನಡೆದದ್ದು ಈ ಪ್ರಶ್ನೆಯ ಸುತ್ತಲೇ.

ಆ ಇತಿಹಾಸ ನಿಷೇಧಗಳಿಂದ ಆರಂಭವಾಗುತ್ತದೆ. 1896ರಲ್ಲಿ ರಾಟರ್‌ಡ್ಯಾಂನ ಸ್ಪಾರ್ಟಾ ಸಂಘ ಇಂಗ್ಲೆಂಡಿನ ಮಹಿಳಾ ತಂಡವೊಂದರ ಜೊತೆ ಪಂದ್ಯ ಏರ್ಪಡಿಸಲು ಹೊರಟಾಗ ರಾಷ್ಟ್ರೀಯ ಒಕ್ಕೂಟ ಅದನ್ನು ತಡೆಯಿತು. 1924ರಲ್ಲಿ ಆಮ್‌ಸ್ಟರ್‌ಡ್ಯಾಂನ ಉತ್ತರಕ್ಕಿರುವ ಓಸ್ತ್‌ಸಾನ್ ಎಂಬ ಊರಿನಲ್ಲಿ ಮಹಿಳೆಯರೇ ಸೇರಿ ಒಂದು ಫುಟ್‌ಬಾಲ್ ಸಂಘ ಕಟ್ಟಿದರು. ದೇಶದ ಮೊದಲ ಮಹಿಳಾ ಸಂಘವೆಂದು ಸಾಮಾನ್ಯವಾಗಿ ಹೆಸರಿಸಲ್ಪಡುವುದು ಇದೇ. ಯುದ್ಧದ ನಂತರ ಮಹಿಳೆಯರ ಆಟಕ್ಕೆ ಮತ್ತೆ ಚೈತನ್ಯ ಬಂದು ಅವರದೇ ಒಕ್ಕೂಟ ರೂಪುಗೊಳ್ಳುತ್ತಿದ್ದಾಗ, 1955ರಲ್ಲಿ ಕೆಎನ್‌ವಿಬಿ ತನ್ನ ಸದಸ್ಯ ಸಂಘಗಳು ಮಹಿಳೆಯರಿಗೆ ಮೈದಾನ ಕೊಡಬಾರದೆಂದು ವಿಧಿಸಿತು. ಅದೇ ವರ್ಷ ಜರ್ಮನಿಯ ಒಕ್ಕೂಟವೂ ಇಂಥದೇ ನಿಷೇಧ ಹೇರಿತು. ಇಂಗ್ಲೆಂಡಿನ ಒಕ್ಕೂಟ 1921ರಲ್ಲಿಯೇ ಇದಕ್ಕೆ ದಾರಿ ತೋರಿತ್ತು. ಈ ನಿಷೇಧದ ಸ್ವರೂಪವನ್ನು ಗಮನವಿಟ್ಟು ನೋಡಬೇಕು. ಹೆಣ್ಣುಮಕ್ಕಳು ಚೆಂಡು ಒದೆಯುವುದನ್ನು ತಡೆಯುವ ಅಧಿಕಾರ ಯಾವ ಒಕ್ಕೂಟಕ್ಕೂ ಇರಲಿಲ್ಲ. ತಡೆಯಲು ಸಾಧ್ಯವಿದ್ದದ್ದು ಮೈದಾನ, ತೀರ್ಪುಗಾರ, ಬಟ್ಟೆ ಕೋಣೆ, ಅಂದರೆ ಸಂಘವು ತನ್ನ ಸದಸ್ಯನಿಗೆ ಸಹಜವಾಗಿ ಕೊಡುವ ಸೌಲಭ್ಯಗಳನ್ನು. ಆದ್ದರಿಂದಲೇ ಮಹಿಳೆಯರಿಗೆ ಸಂಘದ ಬಾಗಿಲು ತೆರೆದ ದಿನವೇ ಆಟದ ನಿಜವಾದ ಆರಂಭವೆಂದು ಪರಿಗಣಿಸುವುದು ನ್ಯಾಯ.

ನಿಷೇಧದ ನಡುವೆಯೂ ಆಟ ನಿಲ್ಲಲಿಲ್ಲ ಎಂಬುದಕ್ಕೆ ಒಂದು ಪಂದ್ಯ ಸಾಕ್ಷಿ. 1956ರ ಸೆಪ್ಟೆಂಬರ್ 23ರಂದು ಜರ್ಮನಿಯ ಎಸ್ಸೆನ್ ನಗರದಲ್ಲಿ ಜರ್ಮನ್ ಮಹಿಳೆಯರ ತಂಡವೂ ಪಶ್ಚಿಮ ಹಾಲೆಂಡಿನ ಮಹಿಳೆಯರ ತಂಡವೂ ಮುಖಾಮುಖಿಯಾದವು. ಎರಡೂ ದೇಶಗಳ ಒಕ್ಕೂಟಗಳು ಮಾನ್ಯ ಮಾಡದ ಆ ಪಂದ್ಯವನ್ನು ನೋಡಲು ಸುಮಾರು 18,000 ಜನ ಸೇರಿದ್ದರು, ಜರ್ಮನ್ ತಂಡ 2–1ರಿಂದ ಗೆದ್ದಿತು. ಪ್ರೇಕ್ಷಕರಿಗೆ ಆಸಕ್ತಿಯಿಲ್ಲ ಎಂಬ ವಾದವನ್ನು ಆಡಳಿತಗಾರರು ಮುಂದೆಯೂ ಎಷ್ಟೋ ಬಾರಿ ಎತ್ತಿದರು. ಅವರ ವಾದಕ್ಕೆ ಉತ್ತರ ಐವತ್ತರ ದಶಕದಲ್ಲಿಯೇ ದಾಖಲಾಗಿತ್ತು. 1971ರಲ್ಲಿ, ಯುರೋಪಿನ ಒಕ್ಕೂಟವಾದ ಯೂಫಾ ತನ್ನ ಸದಸ್ಯ ದೇಶಗಳು ಮಹಿಳಾ ಫುಟ್‌ಬಾಲ್‌ನ ಹೊಣೆ ಹೊರಬೇಕೆಂದು ಸೂಚಿಸಿದ ಕಾಲಕ್ಕೆ, ಕೆಎನ್‌ವಿಬಿ ಮಹಿಳೆಯರ ಆಟಕ್ಕೆ ಮಾನ್ಯತೆ ನೀಡಿತು. ಅದೇ ವರ್ಷದ ಏಪ್ರಿಲ್ 17ರಂದು ಫ್ರಾನ್ಸಿನ ಆಜ್‌ಬ್ರೂಕ್ ಪಟ್ಟಣದಲ್ಲಿ ಫ್ರಾನ್ಸ್ ಮತ್ತು ನೆದರ್ಲೆಂಡ್ಸ್ ಮಹಿಳೆಯರು ಆಡಿದ, ಫ್ರಾನ್ಸ್ 4–0ರಿಂದ ಗೆದ್ದ ಪಂದ್ಯವನ್ನು ಫೀಫಾ ಆಮೇಲೆ ಮೊದಲ ಮಹಿಳಾ ಅಂತರರಾಷ್ಟ್ರೀಯ ಪಂದ್ಯವೆಂದು ಪರಿಗಣಿಸಿತು.

ಮಾನ್ಯತೆ ಸಿಕ್ಕಿತೆಂದ ಮಾತ್ರಕ್ಕೆ ಸೌಕರ್ಯ ಸಿಗಲಿಲ್ಲ. ಪುರುಷರಿಗೆಂದೇ ಕಟ್ಟಿದ ಕಟ್ಟಡಗಳಲ್ಲಿ ಮಹಿಳೆಯರಿಗೆ ಬೇರೆ ಕೋಣೆ ಇರಲಿಲ್ಲ. ತರಬೇತಿಗೆ ಸಿಗುತ್ತಿದ್ದದ್ದು ಸಂಜೆಯ ಕೊನೆಯ ಗಂಟೆ, ದೀಪ ಸರಿಯಾಗಿ ಬೀಳದ ಹಿಂದಿನ ಮೈದಾನ. ಮಳೆಗೆ ನೆಲ ನೆನೆದು ಒಂದೇ ಮೈದಾನ ಆಡಲು ಯೋಗ್ಯವಾಗಿದ್ದರೆ ಅದು ಪುರುಷರ ಮೊದಲ ತಂಡಕ್ಕೆ ಮೀಸಲು. ಹವ್ಯಾಸಿ ಸಂಘಗಳನ್ನು ಹೊಗಳುವ ಬರಹ ಇದನ್ನು ಮರೆಮಾಚಬಾರದು. ಆದರೂ ಇಲ್ಲಿ ಒಂದು ವ್ಯತ್ಯಾಸವಿತ್ತು. ಚಂದಾ ಕೊಟ್ಟು ಸದಸ್ಯಳಾದವಳು ಸಂಘದ ಸರ್ವಸದಸ್ಯರ ಸಭೆಯಲ್ಲಿ ಕುಳಿತುಕೊಳ್ಳಬಲ್ಲಳು, ಮತ ಹಾಕಬಲ್ಲಳು, ಸಮಿತಿಗೆ ನಿಲ್ಲಬಲ್ಲಳು. ಅವಳ ತಂಡವನ್ನು ರದ್ದು ಮಾಡಬೇಕಾದರೆ ಅವಳ ಮುಖ ನೋಡಿಯೇ ಮಾಡಬೇಕು. ಅವಳ ಅಣ್ಣ ಮೂರನೆಯ ತಂಡದಲ್ಲಿ ಆಡುತ್ತಿರುತ್ತಾನೆ, ತಂದೆ ಕ್ಯಾಂಟೀನಿನಲ್ಲಿ ಪಾಳಿ ಮಾಡುತ್ತಿರುತ್ತಾನೆ, ತಾಯಿ ಮಕ್ಕಳ ತಂಡಗಳ ವೇಳಾಪಟ್ಟಿ ನೋಡಿಕೊಳ್ಳುತ್ತಿರುತ್ತಾಳೆ. ಮಹಿಳಾ ವಿಭಾಗಕ್ಕೆ ಮೊದಲ ರಕ್ಷಣೆ ದೊರೆತದ್ದು ಈ ಬಂಧುತ್ವದ ಹೆಣಿಗೆಯಿಂದಲೇ ಹೊರತು ಯಾವ ನೀತಿಪತ್ರದಿಂದಲೂ ಅಲ್ಲ.

ಹೆಣ್ಣುಮಕ್ಕಳು ಚಿಕ್ಕಂದಿನಲ್ಲಿ ಎಲ್ಲಿ ಆಡಬೇಕು ಎಂಬುದು ಇನ್ನೂ ಜಟಿಲವಾದ ಸಮಸ್ಯೆಯಾಗಿತ್ತು. ಊರಿಗೊಂದು ಬಾಲಕಿಯರ ತಂಡ ಕಟ್ಟುವಷ್ಟು ಮಕ್ಕಳಿಲ್ಲದ ಕಡೆ ಬಾಲಕರೊಡನೆ ಆಡುವುದೊಂದೇ ದಾರಿ, ಆದರೆ ನಿಯಮ ಅದಕ್ಕೆ ಅವಕಾಶ ಕೊಡುತ್ತಿರಲಿಲ್ಲ. 1969ರಲ್ಲಿ ಹೇಗ್ ನಗರದಲ್ಲಿ ಹುಟ್ಟಿದ, ಮುಂದೆ ಟೆರ್ ಲೇಡೆಯ ಆಟಗಾರ್ತಿಯೂ ತರಬೇತುದಾರ್ತಿಯೂ ಆದ ಸರೀನಾ ವೀಗ್‌ಮನ್ ತನ್ನ ಅವಳಿ ಸಹೋದರನ ಜೊತೆ ವಾಸೆನಾರ್ ಊರಿನ ಎಸ್ಡೊ ಸಂಘದಲ್ಲಿ ಆಡತೊಡಗಿದ್ದು ಇಂಥ ಕಾಲದಲ್ಲಿ. ಕೂದಲನ್ನು ಚಿಕ್ಕದಾಗಿ ಕತ್ತರಿಸಿಕೊಂಡು ಹುಡುಗರ ನಡುವೆ ಆಡುತ್ತಿದ್ದುದನ್ನು ಅವರೇ ಹಲವು ಬಾರಿ ಹೇಳಿಕೊಂಡಿದ್ದಾರೆ. ನಿಯಮ ಬೇಡವೆಂದಾಗಲೂ ಆ ಸಂಘದ ತರಬೇತುದಾರರು ಬೇಡವೆನ್ನಲಿಲ್ಲ ಎಂಬುದು ಇಲ್ಲಿ ಮುಖ್ಯ. 1986ರಲ್ಲಿ ಕೆಎನ್‌ವಿಬಿ ಚಿಕ್ಕ ವಯಸ್ಸಿನ ಮಕ್ಕಳಿಗೆ ಮಿಶ್ರ ಫುಟ್‌ಬಾಲ್‌ಗೆ, ಅಂದರೆ ಬಾಲಕ ಬಾಲಕಿಯರು ಒಂದೇ ತಂಡದಲ್ಲಿ ಆಡುವುದಕ್ಕೆ, ಅನುಮತಿ ನೀಡಿತು. ಮುಂದೆ ಆ ವಯಸ್ಸಿನ ಮಿತಿ ಹಂತಹಂತವಾಗಿ ಏರಿತು. ಡಚ್ ಮಹಿಳಾ ಫುಟ್‌ಬಾಲ್‌ನ ಇಂದಿನ ತಾಂತ್ರಿಕ ಗುಣಮಟ್ಟಕ್ಕೆ ಯಾವುದಾದರೂ ಒಂದೇ ನಿರ್ಧಾರ ಕಾರಣವೆಂದು ಹೇಳಬೇಕಾದರೆ ಈ ನಿರ್ಧಾರವನ್ನೇ ಹೆಸರಿಸಬೇಕು, ಏಕೆಂದರೆ ಪ್ರತಿಭೆಯುಳ್ಳ ಹುಡುಗಿಗೆ ತನ್ನ ಊರಿನ ಸಂಘದಲ್ಲಿಯೇ, ವಾರವಾರವೂ, ತನಗಿಂತ ವೇಗವಾಗಿ ಓಡುವವರ ನಡುವೆ ಚೆಂಡನ್ನು ಹಿಡಿತದಲ್ಲಿಟ್ಟುಕೊಳ್ಳಲು ಕಲಿಯುವ ಅವಕಾಶ ಇದರಿಂದ ದೊರೆಯಿತು.

ರಾಷ್ಟ್ರಮಟ್ಟದ ಸ್ಪರ್ಧೆಯ ರೂಪ ಬದಲಾದದ್ದು 1995ರಲ್ಲಿ. ಅಲ್ಲಿಯವರೆಗೆ ಪ್ರಾದೇಶಿಕ ಲೀಗುಗಳ ವಿಜೇತರು ಋತುವಿನ ಕೊನೆಗೆ ಸೆಣಸಿ ದೇಶದ ಚಾಂಪಿಯನ್ನರನ್ನು ನಿರ್ಧರಿಸುವ ಪದ್ಧತಿ ಇತ್ತು. 1995ರಿಂದ ಹೋಫ್ಡ್‌ಕ್ಲಾಸೆ, ಅಂದರೆ ಪ್ರಧಾನ ಶ್ರೇಣಿ ಎಂಬ ಹೆಸರಿನ ಒಂದೇ ರಾಷ್ಟ್ರೀಯ ಲೀಗು ಆರಂಭವಾಯಿತು. ಹೆಸರೇನೋ ಗಂಭೀರವಾಗಿತ್ತು, ಆದರೆ ಆಡುತ್ತಿದ್ದವರೆಲ್ಲ ಹವ್ಯಾಸಿ ಸಂಘಗಳ ಸದಸ್ಯೆಯರು. ಬೆಳಗ್ಗೆಯಿಂದ ಸಂಜೆಯವರೆಗೆ ಶಾಲೆ, ಆಸ್ಪತ್ರೆ, ಕಚೇರಿಗಳಲ್ಲಿ ದುಡಿದು ಅಥವಾ ಓದಿ, ವಾರದ ಕೆಲವು ಸಂಜೆ ತರಬೇತಿ ಮುಗಿಸಿ, ವಾರಾಂತ್ಯದಲ್ಲಿ ದೇಶದ ಇನ್ನೊಂದು ಅಂಚಿನ ಊರಿಗೆ ಪಂದ್ಯಕ್ಕೆ ಹೋಗಿ ಬರುವ ಬದುಕು ಅವರದು. ಸ್ಥಳೀಯ ಲೀಗಿನಲ್ಲಿ ಆಡುವ ತಂಡಕ್ಕೆ ಪಕ್ಕದ ಊರಿಗೆ ಸೈಕಲ್ಲಿನಲ್ಲಿಯೇ ಹೋಗಿಬರುವಷ್ಟು ದೂರವಾದರೆ, ರಾಷ್ಟ್ರೀಯ ಲೀಗಿಗೆ ಏರಿದ ತಂಡಕ್ಕೆ ಪ್ರಯಾಣವೇ ದೊಡ್ಡ ಖರ್ಚು. ಆ ಖರ್ಚನ್ನು ಹೊರುವುದೇ ಬೇಡವೇ ಎಂಬ ತೀರ್ಮಾನವನ್ನು ಊರಿನ ಸಂಘವೊಂದರ ಸಭೆ ಕೈಗೊಳ್ಳಬೇಕಿತ್ತು, ಮತ್ತು ಆ ದುಡ್ಡಿನಲ್ಲಿ ಬಹುಭಾಗ ಕ್ಯಾಂಟೀನಿನಿಂದ, ಚಂದಾದಿಂದ, ನೆರೆಯ ಅಂಗಡಿಗಳ ಜಾಹೀರಾತಿನಿಂದ ಬರಬೇಕಿತ್ತು. ಟೆರ್ ಲೇಡೆಯಂಥ ಸಂಘ ತನ್ನ ಮಹಿಳಾ ತಂಡವನ್ನು ವರ್ಷಾನುಗಟ್ಟಲೆ ಆ ಮಟ್ಟದಲ್ಲಿ ಉಳಿಸಿಕೊಂಡದ್ದರ ಹಿಂದೆ ಇಂಥ ಅನಾಮಿಕ ತೀರ್ಮಾನಗಳ ಒಂದು ಸರಣಿಯೇ ಇದೆ. ಪ್ರಶಸ್ತಿಗಳ ಪಟ್ಟಿಯಲ್ಲಿ ಅವು ಕಾಣಿಸುವುದಿಲ್ಲ.

ಹೋಫ್ಡ್‌ಕ್ಲಾಸೆಯ ಕೊನೆಯ ವರ್ಷಗಳು ಎರಡು ಸಂಘಗಳ ಪೈಪೋಟಿಯ ವರ್ಷಗಳು. ಸಸೆನ್‌ಹೈಮ್‌ನ ಟೆರ್ ಲೇಡೆ ಒಂದು ಕಡೆ, ಉಟ್ರೆಕ್ಟ್ ಸಮೀಪದ ಜೈಸ್ಟ್ ಊರಿನ ಸಾಸ್ಟುಮ್ ಇನ್ನೊಂದು ಕಡೆ. 2001ರಿಂದ 2007ರವರೆಗಿನ ಚಾಂಪಿಯನ್ ಪಟ್ಟ ಈ ಎರಡರ ನಡುವೆಯೇ ಕೈ ಬದಲಿಸಿತು. ಜೈಸ್ಟ್ ಕೆಎನ್‌ವಿಬಿಯ ಕೇಂದ್ರ ಕಚೇರಿ ಇರುವ ಊರು, ಆದರೂ ಸಾಸ್ಟುಮ್ ಕೂಡ ಟೆರ್ ಲೇಡೆಯಂತೆ ಊರಿನ ಹವ್ಯಾಸಿ ಸಂಘವೇ. ಆಯಾಕ್ಸ್, ಫೆಯನೂರ್ಡ್, ಪಿಎಸ್‌ವಿಗಳಂಥ ಹೆಸರಾಂತ ವೃತ್ತಿಪರ ಕ್ಲಬ್ಬುಗಳ ಹೆಸರು ಆ ವರ್ಷಗಳ ಮಹಿಳಾ ಪ್ರಶಸ್ತಿಗಳ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ದೇಶದ ಅತ್ಯುತ್ತಮ ಆಟಗಾರ್ತಿಯರು ಹೂಗೆಡ್ಡೆಯ ಹೊಲಗಳ ಪಕ್ಕದ ಮೈದಾನದಲ್ಲಿ, ಬೇಲಿಗೆ ಒರಗಿ ನಿಂತ ಕೆಲವು ನೂರು ಜನರ ಮುಂದೆ ಆಡುತ್ತಿದ್ದರು ಎಂಬುದು ಇಂದಿನ ತಲೆಮಾರಿಗೆ ನಂಬಲು ಕಷ್ಟವಾಗಬಹುದು.

ಸರೀನಾ ವೀಗ್‌ಮನ್ ಟೆರ್ ಲೇಡೆಗೆ ಬಂದದ್ದು 1994ರಲ್ಲಿ. ಅದಕ್ಕೆ ಮೊದಲು ಡೆಲ್ಫ್ಟ್‌ನ ಕೆಎಫ್‌ಸಿ ’71 ಸಂಘದಲ್ಲಿ ಆಡಿದ್ದ ಅವರು, 1989ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಕ್ಕೆ ಹೋಗಿ ಮಿಯಾ ಹ್ಯಾಮ್, ಕ್ರಿಸ್ಟೀನ್ ಲಿಲ್ಲಿಯರಂಥ ಆಟಗಾರ್ತಿಯರ ಜೊತೆ ಆ ವರ್ಷದ ಕಾಲೇಜು ಚಾಂಪಿಯನ್‌ಷಿಪ್ ಗೆದ್ದಿದ್ದರು. ಕಾಲೇಜು ಕ್ರೀಡೆಯನ್ನು ಪೂರ್ಣ ಹೊತ್ತಿನ ಕೆಲಸವೆಂಬಂತೆ ನಡೆಸುವ ಅಮೆರಿಕದ ಏರ್ಪಾಟನ್ನು ಕಂಡು ಮರಳಿದವರಿಗೆ ತಮ್ಮ ದೇಶದಲ್ಲಿ ಕಾದಿದ್ದದ್ದು ಮತ್ತೆ ಸಂಜೆಯ ತರಬೇತಿ, ಹಗಲಿನ ಬೇರೆ ಉದ್ಯೋಗ. ಹೇಗ್‌ನ ಸೆಖ್‌ಬ್ರೂಕ್ ಕಾಲೇಜು ಎಂಬ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣದ ಅಧ್ಯಾಪಕಿಯಾಗಿ ದುಡಿಯುತ್ತಲೇ ಅವರು ಟೆರ್ ಲೇಡೆಯ ಮಧ್ಯಾಂಗಣವನ್ನು ನಡೆಸಿದರು, ರಾಷ್ಟ್ರೀಯ ತಂಡದ ನಾಯಕಿಯೂ ಆದರು. 2001 ಮತ್ತು 2003ರ ಲೀಗ್ ಪ್ರಶಸ್ತಿಗಳನ್ನೂ 2001ರ ರಾಷ್ಟ್ರೀಯ ಕಪ್ಪನ್ನೂ ಅವರು ಈ ಸಂಘದ ಅಂಗಿಯಲ್ಲಿಯೇ ಗೆದ್ದು, 2003ರಲ್ಲಿ ಆಟದಿಂದ ನಿವೃತ್ತರಾದರು. ಅವರ ಅಂತರರಾಷ್ಟ್ರೀಯ ಪಂದ್ಯಗಳ ಎಣಿಕೆ ನೂರನ್ನು ದಾಟಿ 104 ಎಂದು ಬಹುಕಾಲ ದಾಖಲಾಗಿತ್ತು. ಎದುರಾಳಿಗಳಲ್ಲಿ ಕೆಲವು ರಾಷ್ಟ್ರೀಯ ತಂಡಗಳಲ್ಲವೆಂಬ ಕಾರಣಕ್ಕೆ ಅದನ್ನು ನಂತರ 99 ಎಂದು ಪರಿಷ್ಕರಿಸಲಾಯಿತು. ಇಂಥ ಪರಿಷ್ಕರಣೆ ಬೇಕಾಯಿತೆಂಬುದೇ ಆ ಕಾಲದ ಮಹಿಳಾ ಪಂದ್ಯಗಳನ್ನು ಎಷ್ಟು ಉದಾಸೀನದಿಂದ ಏರ್ಪಡಿಸಲಾಗುತ್ತಿತ್ತು, ದಾಖಲಿಸಲಾಗುತ್ತಿತ್ತು ಎಂಬುದನ್ನು ತೋರಿಸುತ್ತದೆ.

ಲೀಗು ಗೆದ್ದ ಸಂಘಕ್ಕೆ ಯುರೋಪಿನ ಬಾಗಿಲು ತೆರೆಯುತ್ತಿತ್ತು. 2001ರಲ್ಲಿ ಯೂಫಾ ಮಹಿಳಾ ಕಪ್, ಅಂದರೆ ಇಂದಿನ ಮಹಿಳಾ ಚಾಂಪಿಯನ್ಸ್ ಲೀಗಿನ ಪೂರ್ವರೂಪ, ಆರಂಭವಾದಾಗ ಪ್ರತಿ ದೇಶದ ಚಾಂಪಿಯನ್ ತಂಡ ಅದರಲ್ಲಿ ಆಡಲು ಅರ್ಹತೆ ಪಡೆಯಿತು. ಮೊದಲ ಸುತ್ತುಗಳಲ್ಲಿ ನಾಲ್ಕು ತಂಡಗಳು ಒಂದೇ ಊರಿನಲ್ಲಿ ಕೆಲವು ದಿನಗಳಲ್ಲಿ ಎಲ್ಲ ಪಂದ್ಯಗಳನ್ನೂ ಮುಗಿಸುವ ಕಿರು ಪಂದ್ಯಾವಳಿಯ ಪದ್ಧತಿ ಇತ್ತು. ಆಟಗಾರ್ತಿಯರು ಇದಕ್ಕಾಗಿ ತಮ್ಮ ಉದ್ಯೋಗದಿಂದ ರಜೆ ಹಾಕಬೇಕಿತ್ತು. ಎದುರಿಗೆ ನಿಂತವರು ಕೆಲವೊಮ್ಮೆ ಸಂಬಳ ಪಡೆಯುವ ಆಟಗಾರ್ತಿಯರು. 2006–07ರ ಋತುವಿನಲ್ಲಿ ಸಾಸ್ಟುಮ್ ಕೊನೆಯ ಎಂಟರ ಘಟ್ಟ ತಲುಪಿತು, ಅಲ್ಲಿ ಬ್ರೆಜಿಲಿನ ಮಾರ್ತಾ ಆಡುತ್ತಿದ್ದ ಸ್ವೀಡನ್ನಿನ ಉಮಿಯೊ ತಂಡಕ್ಕೆ ಸೋತಿತು. ಊರಿನ ಸಂಘವೊಂದು ಅಷ್ಟು ದೂರ ಹೋದದ್ದು ದೊಡ್ಡ ಸಾಧನೆ. ಅದೇ ಸೋಲು ವಾರಕ್ಕೆ ಎರಡು ಮೂರು ಸಂಜೆಯ ತರಬೇತಿಯಿಂದ ಯಾವ ಎತ್ತರದವರೆಗೆ ಏರಬಹುದು, ಎಲ್ಲಿಂದ ಮುಂದಕ್ಕೆ ಏರಲಾಗದು ಎಂಬುದನ್ನೂ ಸ್ಪಷ್ಟಪಡಿಸಿತು.

ವೀಗ್‌ಮನ್ 2006ರಲ್ಲಿ ತರಬೇತುದಾರ್ತಿಯಾಗಿ ಟೆರ್ ಲೇಡೆಗೆ ಮರಳಿದರು. 2006–07ರ ಋತುವಿನಲ್ಲಿ ಅವರ ತಂಡ ಲೀಗ್ ಪ್ರಶಸ್ತಿಯನ್ನೂ ರಾಷ್ಟ್ರೀಯ ಕಪ್ಪನ್ನೂ ಒಟ್ಟಿಗೆ ಗೆದ್ದಿತು. ಹವ್ಯಾಸಿ ಸಂಘವೊಂದು ದೇಶದ ಅತ್ಯುನ್ನತ ಮಹಿಳಾ ಶ್ರೇಣಿಯಾಗಿದ್ದ ಹೋಫ್ಡ್‌ಕ್ಲಾಸೆಯನ್ನು ಗೆದ್ದದ್ದು ಅದೇ ಕೊನೆಯ ಸಲ. ಮುಂದೆ ಡಚ್ ತಂಡವನ್ನೂ ಇಂಗ್ಲೆಂಡ್ ತಂಡವನ್ನೂ ಯುರೋಪಿನ ಚಾಂಪಿಯನ್ನರನ್ನಾಗಿ ಮಾಡಿದ ತರಬೇತುದಾರ್ತಿಯ ವೃತ್ತಿಜೀವನ ಆರಂಭವಾದದ್ದು ಸಸೆನ್‌ಹೈಮ್‌ನಲ್ಲಿ ಎಂಬ ಸಂಗತಿ ಈ ಸಂಘದ ಪಾಲಿಗೆ ಯಾವ ಪ್ರಶಸ್ತಿಗೂ ಕಡಿಮೆಯಲ್ಲ.

2007ರ ಆಗಸ್ಟ್‌ನಲ್ಲಿ ಎರೆಡಿವಿಸಿ ವ್ರೌವನ್, ಅಂದರೆ ಮಹಿಳೆಯರ ಅಗ್ರಶ್ರೇಣಿ ಲೀಗು, ಉದ್ಘಾಟನೆಗೊಂಡಿತು. ಎಡಿಒ ಡೆನ್ ಹಾಗ್, ಎಜೆಡ್, ಎಫ್‌ಸಿ ಟ್ವೆಂಟೆ, ಎಫ್‌ಸಿ ಉಟ್ರೆಕ್ಟ್, ಹೇರನ್‌ವೇನ್, ವಿಲ್ಲೆಮ್ II ಎಂಬ ಆರು ವೃತ್ತಿಪರ ಕ್ಲಬ್ಬುಗಳು ಮಹಿಳಾ ತಂಡಗಳನ್ನು ರಚಿಸಿದವು. ಪ್ರತಿ ತಂಡವೂ ಉಳಿದ ಐದರೊಡನೆ ನಾಲ್ಕು ನಾಲ್ಕು ಬಾರಿ ಆಡಿ ಇಪ್ಪತ್ತು ಪಂದ್ಯಗಳ ಋತು ಮುಗಿಸುತ್ತಿತ್ತು. ಹೆಚ್ಚು ತರಬೇತಿ, ಉತ್ತಮ ಮೈದಾನ, ವೈದ್ಯಕೀಯ ನೆರವು ಇವೆಲ್ಲ ಒಂದೇ ಕಡೆ ಸಿಗುವಂತಾಗಬೇಕೆಂಬುದು ಈ ಯೋಜನೆಯ ಆಶಯ, ಮತ್ತು ಆ ಆಶಯ ಸರಿಯಾದದ್ದೇ. ಆಗಿನ ರಾಷ್ಟ್ರೀಯ ತಂಡದ ತರಬೇತುದಾರ್ತಿ, ಸ್ವತಃ ಸಾಸ್ಟುಮ್‌ನಲ್ಲಿ ಆಡಿದ್ದ ವೇರಾ ಪೌ ಅವರ ಕೈಕೆಳಗೆ ಡಚ್ ತಂಡ 2009ರ ಯುರೋಪಿಯನ್ ಚಾಂಪಿಯನ್‌ಷಿಪ್‌ಗೆ ಮೊದಲ ಬಾರಿ ಅರ್ಹತೆ ಪಡೆದು ಸೆಮಿಫೈನಲ್ ತಲುಪಿದ್ದು ಅದರ ಫಲವನ್ನು ತೋರಿಸಿತು. ಆದರೆ ಯೋಜನೆಯ ರೂಪದಲ್ಲಿ ಅನ್ಯಾಯವೊಂದು ಅಡಗಿತ್ತು. ಹೊಸ ಲೀಗು ಮುಚ್ಚಿದ ಲೀಗಾಗಿತ್ತು: ಕೆಳಗಿನಿಂದ ಬಡ್ತಿ ಇರಲಿಲ್ಲ, ಮೇಲಿನಿಂದ ಹಿಂಬಡ್ತಿ ಇರಲಿಲ್ಲ. 2007ರಲ್ಲಿಯೇ ದೇಶದ ಚಾಂಪಿಯನ್ ಆಗಿದ್ದ ಟೆರ್ ಲೇಡೆಗೆ ಅದರಲ್ಲಿ ಸ್ಥಾನವಿರಲಿಲ್ಲ, ಸ್ಥಾನ ಗೆಲ್ಲುವ ದಾರಿಯೂ ಇರಲಿಲ್ಲ. ಅದು ಆಡುತ್ತಿದ್ದ ಹೋಫ್ಡ್‌ಕ್ಲಾಸೆ ಒಂದೇ ಬೇಸಿಗೆಯಲ್ಲಿ ಎರಡನೆಯ ಶ್ರೇಣಿಗೆ ಇಳಿಯಿತು. ಹವ್ಯಾಸಿ ಸಂಘಗಳಲ್ಲಿ ಬೆಳೆದ ಆಟಗಾರ್ತಿಯರು ಹೊಸ ಕ್ಲಬ್ಬುಗಳಿಗೆ ಹೋದರು. ವೀಗ್‌ಮನ್ ಎಡಿಒ ಡೆನ್ ಹಾಗ್‌ನ ಹೊಣೆ ಹೊತ್ತು, ಅದನ್ನು 2012ರಲ್ಲಿ ಲೀಗಿನ ಚಾಂಪಿಯನ್ ಮಾಡಿದರು. ಟೆರ್ ಲೇಡೆ, ಸಾಸ್ಟುಮ್‌ಗಳಂಥ ಸಂಘಗಳು ಕಟ್ಟಿದ ತಂಡಗಳು ಹೊಸ ಲೀಗಿಗೆ ತಳಪಾಯವಾದವು ಎಂಬುದನ್ನು ಆ ಲೀಗಿನ ಇತಿಹಾಸ ಬರೆಯುವವರು ಇನ್ನೂ ಸಾಕಷ್ಟು ಒಪ್ಪಿಕೊಂಡಿಲ್ಲ.

ವೃತ್ತಿಪರ ಕ್ಲಬ್ಬಿನ ಮಹಿಳಾ ತಂಡ ಎಷ್ಟು ಗಟ್ಟಿ ನೆಲದ ಮೇಲೆ ನಿಂತಿದೆ ಎಂಬುದು ಬಹಳ ಬೇಗ ಬಯಲಾಯಿತು. 2008, 2009, 2010ರಲ್ಲಿ ಸತತ ಮೂರು ಬಾರಿ ಲೀಗು ಗೆದ್ದ ಎಜೆಡ್, ಮರುವರ್ಷ 2011ರಲ್ಲಿ ಹಣದ ಕಾರಣ ಕೊಟ್ಟು ತನ್ನ ಮಹಿಳಾ ತಂಡವನ್ನೇ ನಿಲ್ಲಿಸಿತು. ವಿಲ್ಲೆಮ್ II ಕೂಡ ಅದೇ ವರ್ಷ ಹಿಂದೆ ಸರಿಯಿತು. 2014ರಲ್ಲಿ ಉಟ್ರೆಕ್ಟ್ ಹೊರಬಿತ್ತು. ಗೆಲ್ಲುತ್ತಿರುವ ತಂಡವೂ ಲೆಕ್ಕಪತ್ರದ ಒಂದು ಸಾಲಾಗಿ ಉಳಿದರೆ ಅದನ್ನು ಹೊಡೆದುಹಾಕಲು ಒಂದು ಆಡಳಿತ ಮಂಡಳಿ ಸಭೆ ಸಾಕು, ಏಕೆಂದರೆ ಆ ಮಂಡಳಿಯನ್ನು ಚುನಾಯಿಸುವ ಸದಸ್ಯೆಯರು ಅಲ್ಲಿಲ್ಲ. 2012ರಲ್ಲಿ ಬೆಲ್ಜಿಯಮ್ ಜೊತೆ ಸೇರಿ ಆರಂಭಿಸಿದ ಜಂಟಿ ಲೀಗು ಮೂರು ಋತುಗಳ ನಂತರ ಮುಗಿದು, 2015ರಲ್ಲಿ ಡಚ್ ಲೀಗು ಮತ್ತೆ ಸ್ವತಂತ್ರವಾಯಿತು. 2017ರಲ್ಲಿ ಟೆಲ್‌ಸ್ಟಾರ್ ಕ್ಲಬ್ಬು ಮಹಿಳಾ ತಂಡವನ್ನು ಕೈಬಿಟ್ಟಾಗ ಆ ಸ್ಥಾನವನ್ನು ಹಿಡಿದದ್ದು ವಿವಿ ಆಲ್ಕ್‌ಮಾರ್ ಎಂಬ ಸಂಘ. ಅದೇ ವರ್ಷ ರಾಟರ್‌ಡ್ಯಾಂನ ಎಕ್ಸೆಲ್ಸಿಯರ್ ಕ್ಲಬ್ಬು ಅಗ್ರಶ್ರೇಣಿಗೆ ಬಂದದ್ದು ಬಾರೆಂಡ್ರೆಖ್ಟ್ ಊರಿನ ಹವ್ಯಾಸಿ ಸಂಘದ ಜೊತೆಗೂಡಿ. ಆಲ್ಕ್‌ಮಾರ್ ಐದು ವರ್ಷ ನಡೆಸಿದ ತಂಡವನ್ನು 2022ರಲ್ಲಿ ಎಜೆಡ್ ಮರಳಿ ತನ್ನದಾಗಿಸಿಕೊಂಡಿತು. ಉಟ್ರೆಕ್ಟ್ 2023ರಲ್ಲಿ ಲೀಗಿಗೆ ಹಿಂತಿರುಗಿತು.

2017ರ ಬೇಸಿಗೆಯಲ್ಲಿ ನೆದರ್ಲೆಂಡ್ಸ್ ಯುರೋಪಿಯನ್ ಚಾಂಪಿಯನ್‌ಷಿಪ್‌ನ ಆತಿಥ್ಯ ವಹಿಸಿತು, ಆಗಸ್ಟ್ 6ರಂದು ಎನ್ಸ್ಖೆದೆಯಲ್ಲಿ ಡೆನ್ಮಾರ್ಕನ್ನು 4–2ರಿಂದ ಸೋಲಿಸಿ ಗೆದ್ದಿತು, ತರಬೇತುದಾರ್ತಿ ವೀಗ್‌ಮನ್. ತಂಡದ ಲಾಂಛನದಲ್ಲಿದ್ದ ಸಿಂಹದ ಜಾಗದಲ್ಲಿ ಸಿಂಹಿಣಿ ಬಂದದ್ದು ಅದೇ ವರ್ಷ. ಆ ತಂಡದ ಹೆಸರಾಂತ ಆಟಗಾರ್ತಿಯರ ಮೊದಲ ಸಂಘಗಳನ್ನು ಹುಡುಕಿದರೆ ಮತ್ತೆ ಊರುಗಳೇ ಸಿಗುತ್ತವೆ: ವಿವಿಯಾನೆ ಮೀಡೆಮಾ ಹೋಖೆವೇನ್‌ನ ಸಂಘದಲ್ಲಿ ಹುಡುಗರೊಡನೆ ಆಡಿ ಬೆಳೆದವರು, ಅದೇ ವರ್ಷ ವಿಶ್ವದ ಶ್ರೇಷ್ಠ ಆಟಗಾರ್ತಿಯೆಂದು ಆಯ್ಕೆಯಾದ ಲೀಕೆ ಮಾರ್ಟೆನ್ಸ್ ನ್ಯೂ ಬೆರ್ಖನ್‌ನ ಮೊಂತಾನ್ಯಾರ್ಡ್ಸ್ ಸಂಘದವರು. ಎರಡು ವರ್ಷಗಳ ನಂತರ ತಂಡ ವಿಶ್ವಕಪ್ ಫೈನಲ್‌ನಲ್ಲಿ ಅಮೆರಿಕಕ್ಕೆ 0–2ರಿಂದ ಸೋತಿತು. ಈ ಸಾಧನೆಗಳ ಹೊತ್ತಿಗೆ ದೇಶದಲ್ಲಿ ನೋಂದಾಯಿತ ಮಹಿಳಾ ಮತ್ತು ಬಾಲಕಿ ಸದಸ್ಯರ ಸಂಖ್ಯೆ ಒಂದೂವರೆ ಲಕ್ಷ ದಾಟಿತ್ತು. ಅಷ್ಟು ಜನಕ್ಕೆ ಮೈದಾನ, ತರಬೇತುದಾರ, ಬಟ್ಟೆ ಕೋಣೆ ಒದಗಿಸುವ ಹೊಣೆ ಬಂದದ್ದು ಎಂದಿನಂತೆ ಊರಿನ ಸಂಘಗಳ ಸ್ವಯಂಸೇವಕರ ಮೇಲೆ.

ಹೊಸ ಪ್ರಶ್ನೆಗಳನ್ನು ಎತ್ತುವವರೂ ಅವರೇ. ಹತ್ತೊಂಬತ್ತರ ವಯಸ್ಸಿನವರೆಗೆ ಹುಡುಗರೊಡನೆ ಒಂದೇ ತಂಡದಲ್ಲಿ ಆಡಿದ ಹುಡುಗಿ, ಆ ವಯಸ್ಸು ದಾಟಿದ ದಿನ ತನ್ನ ಗೆಳೆಯರ ತಂಡದಿಂದ ಏಕೆ ಹೊರಬೀಳಬೇಕು ಎಂದು ಫ್ರೀಸ್‌ಲಂಡ್ ಪ್ರಾಂತ್ಯದ ಮೇನಾಮ್ ಎಂಬ ಹಳ್ಳಿಯ ಫೊರೌಟ್ ಸಂಘ ಕೆಎನ್‌ವಿಬಿಯನ್ನು ಕೇಳಿತು. 2020ರಲ್ಲಿ ಪ್ರಯೋಗವಾಗಿ ಅನುಮತಿ ದೊರೆತು, ಆ ಸಂಘದ ಎಲ್ಲೆನ್ ಫೊಕ್ಕೆಮಾ ಪುರುಷರ ಮೊದಲ ತಂಡದಲ್ಲಿ ಲೀಗಿನ ಪಂದ್ಯಗಳನ್ನು ಆಡಿದರು. ಆ ಪ್ರಯೋಗದ ಆಧಾರದ ಮೇಲೆ 2021–22ರ ಋತುವಿನಿಂದ ಹವ್ಯಾಸಿ ಫುಟ್‌ಬಾಲ್‌ನ ಕೆಳಶ್ರೇಣಿಗಳಲ್ಲಿ ಮಹಿಳೆಯರು ಪುರುಷರ ತಂಡಗಳಲ್ಲಿ ಆಡಬಹುದೆಂದು ನಿಯಮವನ್ನೇ ತಿದ್ದಲಾಯಿತು.